ಫ್ರಿಜ್ಜಿನಲ್ಲಿರುವ ಸಾಕ್ಷಿ

೧೪, ಶನಿವಾರ

ತನಿಖೆಗೆ ಕಳಿಸಿದ ಸಾಹೇಬರ ಮಾತೇ ಇನ್ನೂ ತಲೆ ಕೊರೆಯುತ್ತಿದೆ. "ಆಕಾಶದಲ್ಲಿ ಕಂಡ ಬೆಳಕು ಏನಂತ ಗೊತ್ತಾಗಿಲ್ಲ ಅಂತಲೇ ಬರೀರಿ. ಅದನ್ನ ನೋಡೋಕೇ ಉತ್ಸವಕ್ಕೆ ಜನ ಬರ್ತಿದಾರೆ."

ಗೊತ್ತಾಗಿದೆ. ಉತ್ಸವ ಮೈದಾನದ ಸರ್ಚ್‌ಲೈಟನ್ನು ನಾನೇ ನಿಂತು ಆರಿಸಿದೆ, ಮೇಲಿನ ಬೆಳಕುಗಳೂ ಆರಿದವು. ಹೊತ್ತಿಸಿದಾಗ ಮತ್ತೆ ಬಂದವು. ಅವು ಕೊಕ್ಕರೆಗಳು. ಪಟಾಕಿ ಸದ್ದಿಗೆ ಗೂಡು ಬಿಟ್ಟೆದ್ದು, ಇಳಿಯಲು ಹೆದರಿ, ಬಿಳಿ ಹೊಟ್ಟೆ ಮಿನುಗಿಸುತ್ತಾ ಸುತ್ತುತ್ತವೆ. ಸುಸ್ತಾಗಿ ಬಿದ್ದು ಸತ್ತ ಒಂದನ್ನು ಪೇಪರಿನಲ್ಲಿ ಸುತ್ತಿ ತಂದು ಫ್ರಿಜ್ಜಿನಲ್ಲಿಟ್ಟಿದ್ದೇನೆ.

"ದೊಡ್ಡವರನ್ನ ಎದುರು ಹಾಕ್ಕೋಬೇಡ ಕಣೇ," ಎಂದರು ನಮ್ಮವರು. ಕೆಲಸ ಹೋದರೆ ಹೋಗಲಿ. ವರದಿಯಲ್ಲಿ ಕೊಕ್ಕರೆ ಎಂದೇ ಬರೆದಿದ್ದೇನೆ. ಒಪ್ಪದಿದ್ದರೆ ಹಕ್ಕಿಯನ್ನೇ ಸಾಹೇಬರ ಮೇಜಿನ ಮೇಲಿಡುತ್ತೇನೆ. ಅವರಿಗೆ ನಾನು ಹೆದರುವುದಿಲ್ಲ.

ಬೆಳಿಗ್ಗೆ ಅತ್ತೆ ಹಾಲಿಗೆಂದು ಫ್ರಿಜ್ಜು ತೆಗೆಯುವ ಮೊದಲು ಮಾತ್ರ ಏಳಬೇಕು.