ಚಿಂತಾಕಿಯ ಎರಡನೇ ರೊಟ್ಟಿ

ಚಿಂತಾಕಿ, ಗುರುವಾರ

ಸೊಸೆ ಎಲೀನಾಗೆ ಅತ್ತೆಯ ಆಶೀರ್ವಾದ. ಫೋನಿನಲ್ಲಿ ಹೇಳಿದರೆ ನಗುತ್ತೀ, ಅದಕ್ಕೇ ಈ ಕಾರ್ಡು.

ನಿನ್ನ ಮಗಳು ರೆಬೆಕ್ಕಾ ಮೆಚ್ಚಿದ ಬೆಂಜಮಿನನ ಮನೆಗೆ ನಾನು ಸಂಬಂಧ ಬೇಡ ಎನ್ನಲಿಕ್ಕೇ ಬಂದೆ. ಒಪ್ಪದ ಮನೆಯಲ್ಲಿ ಉಣ್ಣುವುದು ನಮ್ಮ ಮನೆತನದಲ್ಲಿಲ್ಲ. ಬರೀ ಚಹಾ ಕುಡಿದು ಎದ್ದೆ. ಹುಡುಗನ ತಾಯಿ, "ಹಿರೇರಿದ್ದೀರಿ, ಪ್ರಾರ್ಥನಿ ಮಾಡಿ ಹೋಗ್ರಿ" ಎಂದಳು. ನನ್ನ ಪ್ರಾರ್ಥನೆ ಎಷ್ಟು ಉದ್ದವೆಂದು ನಿನಗೆ ಗೊತ್ತಲ್ಲ. ಆಮೆನ್ ಎಂದು ಕಣ್ಣು ತೆರೆದರೆ ಎದುರಿಗೆ ತಾಟು! ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಪ್ರಾರ್ಥನೆಯಾದ ಊಟವನ್ನು ಬಿಟ್ಟು ಏಳುವುದು ಹೇಗೆ? ಕೂತೆ.

ಪಲ್ಯದ ಹುಳಿ, ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಹದವಾಗಿತ್ತು. ರೊಟ್ಟಿ ನನ್ನದರಷ್ಟೇ ತೆಳ್ಳಗೆ. "ರೊಟ್ಟಿ ಬಡದವ್ರು ಯಾರವ್ವಾ?" ಎಂದೆ. ತಾಯಿ ನಾಚಿ, ಪಟ್ಟಿ ಕಟ್ಟಿದ ಕೈ ತೋರಿಸಿ, "ನನ್ನ ಕೈ ಮುರದದರಿ. ಹುಡುಗನೇ ಬಡಿತಾನ್ರಿ" ಎಂದಳು. ಅವನು ಹಿಟ್ಟು ಮೆತ್ತಿದ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದು, "ಅಜ್ಜಿ, ಬ್ಯಾಡ ಅನ್ನೋದಿದ್ರ ಹೊಟ್ಟಿ ತುಂಬಿದ ಮ್ಯಾಲ ಅನ್ರಿ. ಇನ್ನೊಂದು ಹಾಕ್ಲೇನ್ರಿ?" ಎಂದ. ಬಾಯಿ ಸ್ವಲ್ಪ ಜೋರು. ತಿದ್ದಿದರಾಯಿತು.

ಭಾನುವಾರದ ಆರಾಧನೆವರೆಗೆ ಇರಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ಮೊಣಕಾಲು ನೋವಿಲ್ಲ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ.

ಕಾರ್ಡು ತುಂಬಿತು. ರೆಬೆಕ್ಕಾಗೆ ಹೇಳು: ಮೊದಲನೇ ರೊಟ್ಟಿಯನ್ನು ದೇವರ ಭಯಕ್ಕೆ ತಿಂದೆ, ಎರಡನೆಯದಕ್ಕೆ ನಾನೇ ತಾಟು ಚಾಚಿದೆ.

ನಿನ್ನ ಅತ್ತೆ,
ಎಡಿತಮ್ಮ