ಬಾವಿಗೆ ಮರಳಿ ಬಿಟ್ಟ ನೀರು

೪ ಡಿಸೆಂಬರ್ ೧೯೨೮
ಹುಕ್ಕೇರಿ, ಪ್ಲೇಗ್ ಕ್ಯಾಂಪು

ಬೆಳಿಗ್ಗೆ ಹಾಜರಿ. ಹನ್ನೊಂದು ಹುಡುಗಿಯರು. ಸಾಲೆ ಮುಚ್ಚಿ ಇಪ್ಪತ್ತು ದಿನ. ಊರಲ್ಲಿ ಇಲಿ ಬಿದ್ದು ಎಲ್ಲರೂ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಮೇಲೆ ಪಾಠವೆಲ್ಲಿಯದು? ನೀರು ಸೇದುವುದೇ ಪಾಠ. ಬೇನೆ ಬಿದ್ದವರ ಗುಡಿಸಲು ಒಂಬತ್ತು. ಅಲ್ಲಿಗೆ ಗಂಡಸರು ಕಾಲಿಡುವುದಿಲ್ಲ. ಒಡಹುಟ್ಟಿದವರೇ ದೂರ ನಿಂತು "ಹ್ಯಾಂಗದಿ?" ಎಂದು ಕೂಗಿ, ಉತ್ತರ ಬರುವ ಮೊದಲೇ ತಿರುಗಿ ಹೋಗುತ್ತಾರೆ. ಅಸಹ್ಯ. ಗಂಜಿ, ನೀರು ಒಯ್ಯುವವರು ನನ್ನ ಹುಡುಗಿಯರೇ.

ಮೊದಲ ವಾರ ಇವರೂ ಏನು ಕಡಿಮೆಯಿರಲಿಲ್ಲ. ಲಿಂಗಾಯತರ ಗೌರವ್ವ ನಾಯಕರ ಲಗಮವ್ವನ ಹಗ್ಗ ಮುಟ್ಟುತ್ತಿರಲಿಲ್ಲ. ಜೈನರ ತಾರಾ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಈಗ ಮೂವರೂ ಒಂದೇ ಹಗ್ಗ ಜಗ್ಗುತ್ತಾರೆ. ಜಗಳವಾಡುತ್ತಲೇ ಜಗ್ಗುತ್ತಾರೆ. ಇಷ್ಟು ದಿನದಲ್ಲಿ ಖುಷಿ ಕೊಟ್ಟದ್ದು ಇದೊಂದೇ.

೬ ಡಿಸೆಂಬರ್

ತಾರಾ ಕುಡಿಯುವ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಾಳೆ. ಸರಿ, ಒಳ್ಳೆಯದೇ. ಆಮೇಲೆ ಆ ಬಟ್ಟೆಯನ್ನು ತಿರುವಿ ಚರಿಗೆಯಲ್ಲಿ ಜಾಲಿಸಿ, ಚರಿಗೆಯನ್ನು ಹಗ್ಗಕ್ಕೆ ಕಟ್ಟಿ, ಬಾವಿಯ ನೀರು ಮುಟ್ಟುವವರೆಗೆ ಮೆಲ್ಲಗೆ ಇಳಿಸಿ ಮುಳುಗಿಸುತ್ತಾಳೆ. ಇದೇನೆಂದು ಕೇಳಿದೆ.

"ಬಟ್ಟ್ಯಾಗ ಸಣ್ಣ ಸಣ್ಣ ಜೀವ ಇರ್ತಾವ್ರಿ ಅಕ್ಕೋರ. ಯಾವ ಬಾವಿದಾವೋ ಅದ ಬಾವಿಗಿ ಹೋಗಬೇಕ್ರಿ. ಮ್ಯಾಲಿಂದ ಒಗದ್ರ ಸಾಯ್ತಾವು."

ಬೇನೆಯವರ ಮೈ ಒರೆಸುವ ಅರಿವೆ ಬೇರೆ. ಅದನ್ನು ದಿನಾ ಸಂಜೆ ನಾನೇ ನಿಂತು ಸುಡಿಸುತ್ತೇನೆ. ಹಾಗಾಗಿ "ಮಾಡವಾ" ಎಂದೆ. ಮನುಷ್ಯರ ಜೀವಕ್ಕೆ ಹೆದರಿ ಓಡುವ ಈ ಕ್ಯಾಂಪಿನಲ್ಲಿ ನೀರಿನ ಹುಳಕ್ಕೂ ಒಬ್ಬಳಿದ್ದಾಳೆ!

೯ ಡಿಸೆಂಬರ್

ನಿನ್ನೆ ಎರಡು ಸಾವು. ಎರಡೂ ಗುರುಲಿಂಗಪ್ಪನವರ ಬಳಗದಲ್ಲಿ. ಹೊಲ ಅವರದು, ಬಾವಿ ಅವರದು, ಸಾಲೆಯ ಕಮಿಟಿಗೂ ಅವರೇ ಚೇರ್ಮನ್. ಗೌರವ್ವನ ಅಪ್ಪ. ಅವರ ತಾಯಿ ಬಾಳವ್ವ, ತಾರಾ ಬಟ್ಟೆ ಜಾಲಿಸಿದ ನೀರನ್ನು ಬಾವಿಗೆ ಬಿಡುವುದನ್ನು ಕಂಡಿದ್ದಾಳೆ. ಮುಗಿಯಿತು. ಅದು ರೋಗಿಗಳ ಮೈ ಒರೆಸಿದ ಅರಿವೆಯಂತೆ. ಜೈನರ ಹುಡುಗಿ ಬಾವಿಗೆ ಬೇನೆ ಬಿಟ್ಟಳಂತೆ!

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಪಂಚರು ಕೂತರು. ತಾರಾಳ ಅಪ್ಪ ಧರಣೇಂದ್ರ ಕೈಮುಗಿದು ತಮ್ಮ ಪದ್ಧತಿಯನ್ನು ವಿವರಿಸಿದರು. ಯಾರ ಕಿವಿಗೂ ಹೋಗಲಿಲ್ಲ.

"ಅಕ್ಕೋರ, ನೀವು ದಿನಾ ಬಾವಿ ಬಾಜೂಕ ಇರ್ತೀರಿ" ಎಂದರು ಗುರುಲಿಂಗಪ್ಪ. "ಅಕಿ ಏನ್ ಬಿಡ್ತಿದ್ಲು, ನಿಮಗ ಗೊತ್ತೈತೇನ್ರಿ?"

ತಾರಾ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಆದರೆ ಮಾರ್ಚಿಗೆ ನನ್ನ ನೌಕರಿ ಕಾಯಂ ಆಗಬೇಕು. ಚೇರ್ಮನ್ನರ ಸಹಿ ಬೇಕು.

"ನನಗೇನೂ ಗೊತ್ತಿಲ್ರಿ" ಎಂದೆ.

ಥೂ ನನ್ನ ಜನ್ಮಕ್ಕೆ.

೧೦ ಡಿಸೆಂಬರ್

ತಾರಾಳ ಮನೆಯವರಿಗೆ ಬಾವಿ ಬಂದ್. ಹಳ್ಳ ಒಂದು ಮೈಲಿ ದೂರ. ಅವಳ ತಾಯಿ ಕಮಲವ್ವನಿಗೆ ನಿನ್ನೆಯಿಂದ ಜ್ವರ. ಆ ಗುಡಿಸಲಿನ ಮುಂದೆ ಎರಡು ಸಲ ಹಾದು ಹೋದೆ. ಒಳಗೆ ಹೋಗಲಿಲ್ಲ. ನನ್ನ ಗುಡಿಸಲಿಗೆ ಬಂದು ರೊಟ್ಟಿ ತಿಂದೆ. ರುಚಿಯಾಗಿಯೇ ಇತ್ತು. ಅದಕ್ಕೆ ಇನ್ನೂ ಹೇಸಿಗೆಯಾಯಿತು.

೧೪ ಡಿಸೆಂಬರ್

ಮೂರು ದಿನ ಬರೆಯಲಿಲ್ಲ. ಬರೆದರೆ ಅದೇ ಮಾತು.

ಇಂದು ಬೆಳಿಗ್ಗೆ ಬಾವಿಯ ಹತ್ತಿರ ಒಬ್ಬ ಹುಡುಗಿಯೂ ಇಲ್ಲ. ಹನ್ನೊಂದು ಜನವೂ ಕೊಡ ಹೊತ್ತು ಹಳ್ಳಕ್ಕೆ ಹೋಗಿದ್ದಾರೆ. ತಂದ ನೀರೆಲ್ಲ ಬೇನೆಯ ಗುಡಿಸಲುಗಳಿಗೆ, ಕಮಲವ್ವನಿಗೆ. ಮಿಕ್ಕ ಯಾರ ಮನೆಗೂ ಹನಿ ನೀರಿಲ್ಲ, ತಮ್ಮ ಮನೆಗೂ ಇಲ್ಲ. ಗೌರವ್ವ ಅಪ್ಪನೆದುರು ನಿಂತು ಹೇಳಿದಳಂತೆ:

"ತಾರಾ ಸೇದಬಾರದಂದ್ರ ನಾವು ಯಾರೂ ಸೇದೂದಿಲ್ಲ. ನಿಮ್ಮ ನೀರ ನೀವ ಸೇದಕೋರಿ."

ಬಾಳವ್ವ ಕಪಾಳಕ್ಕೆ ಬಿಗಿದಳಂತೆ. ಲಗಮವ್ವನೇ ಬಂದು ಹೇಳಿದ್ದು. ಹೇಳಿ, ಕೊಡ ಎತ್ತಿಕೊಂಡು ಹೊರಟೇ ಹೋದಳು. ಇದನ್ನು ನಾನು ಇವರಿಗೆ ಕಲಿಸಿದ್ದಲ್ಲ. ಕಲಿಸುವ ಯೋಗ್ಯತೆ ನನಗೆಲ್ಲಿದೆ?

೧೬ ಡಿಸೆಂಬರ್

ಎರಡು ದಿನ ಗಂಡಸರು ನೀರು ಸೇದಿದರು. ರುಮಾಲು ಸುತ್ತಿದ ಪಂಚರು! ಅಂಗೈ ಸುಲಿದವು. ಅರ್ಧ ಕೊಡ ಧೋತರದ ಮೇಲೆ. ಇಂದು ಸಂಜೆ ಗುರುಲಿಂಗಪ್ಪ, "ಹೋಗ್ಲಿ ಬಿಡ್ರಿ, ಸಣ್ಣ ಹುಡುಗೂರು" ಎಂದುಬಿಟ್ಟರು. ತಾರಾಳಿಗೆ ಬಾವಿ ತೆರೆಯಿತು. ತಪ್ಪಾಯಿತು ಎಂದು ಒಬ್ಬನ ಬಾಯಲ್ಲೂ ಬರಲಿಲ್ಲ. ಸತ್ಯ ತಿಳಿದು ಸೋತಿದ್ದರೆ ಮರ್ಯಾದೆ ಕೊಡುತ್ತಿದ್ದೆ. ಸೊಂಟನೋವಿಗೆ ಸೋತ ಮಂದಿ ಇವರು.

ಕಮಲವ್ವನ ಜ್ವರ ಇಳಿದಿದೆ. ಅದನ್ನು ಕೇಳಿ ಧೈರ್ಯ ಬಂದು ಬಾವಿಗೆ ಹೋದೆ. ಹುಡುಗಿಯರ ಜೊತೆ ಹಗ್ಗಕ್ಕೆ ಕೈ ಹಾಕಿದೆ.

"ಬ್ಯಾಡ್ರಿ ಅಕ್ಕೋರ" ಎಂದಳು ತಾರಾ. ಸಿಟ್ಟಿಲ್ಲ. ಮರ್ಯಾದೆಯಿಂದಲೇ ಹೇಳಿದಳು. "ನಾವು ಮಂದಿ ಸಾಕಷ್ಟ ಅದೀವಿ."

ಹಗ್ಗ ಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು.

೨೧ ಡಿಸೆಂಬರ್, ಮಧ್ಯಾಹ್ನ ೩

ನಾಳೆ ಗೋಕಾಕದಿಂದ ಸಾಲೆಯ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ಗುರುಲಿಂಗಪ್ಪ ರಿಪೋರ್ಟು ತಾವೇ ಬರೆದುಕೊಂಡು ಬಂದರು: 'ಹೆಣ್ಣುಮಕ್ಕಳು ಜಾತಿಭೇದವಿಲ್ಲದೆ ಒಗ್ಗಟ್ಟಾಗಿ ದುಡಿಯಲು ಶಿಕ್ಷಕಿಯವರ ಧೈರ್ಯ ಹಾಗೂ ಕಮಿಟಿಯ ಪ್ರೋತ್ಸಾಹವೇ ಕಾರಣ.' ಯಾರ ಧೈರ್ಯ? ಯಾರ ಪ್ರೋತ್ಸಾಹ? ಗೌರವ್ವನ ಕೆನ್ನೆಯ ಮೇಲೆ ಬಿದ್ದದ್ದೇ?

"ಸಹಿ ಮಾಡ್ರಿ. ನಿಮ್ಮ ಕಾಯಂ ಕಾಗದಾನೂ ಇದರ ಜೋಡಿ ಕಳಸ್ತೇನಿ" ಎಂದು ಹೇಳಿ ಹೊರಗೆ ಹೊರಸಿನ ಮೇಲೆ ಕೂತಿದ್ದಾರೆ. ಬಾವಿಯ ಕಡೆಯಿಂದ ಹುಡುಗಿಯರ ಜಗಳ ಕೇಳುತ್ತಿದೆ. ಈ ಹೊತ್ತಿನ ಪಾಳಿ ಯಾರದೆಂದು.

ರಿಪೋರ್ಟಿನ ಆ ಸಾಲಿನ ಮೇಲೆ ಗೀಟು ಎಳೆದೆ. ಕೆಳಗೆ ಬರೆದೆ: 'ಒಂಬತ್ತನೆಯ ತಾರೀಖು ಪಂಚರ ಮುಂದೆ ನಾನು ಸುಳ್ಳು ಹೇಳಿದೆ. ತಾರಾ ಏನು ಬಿಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಒಗ್ಗಟ್ಟು ಹುಡುಗಿಯರದು, ನಮ್ಮಿಬ್ಬರದಲ್ಲ.' ಸಹಿ ಹಾಕಿದೆ. ಮಾರ್ಚಿನಲ್ಲಿ ಮುದಲಗಿಗೆ, ಅಪ್ಪನ ಮನೆಗೆ ಗಂಟುಮೂಟೆ ಕಟ್ಟಬೇಕಾಗಬಹುದು. ಆಗಲಿ.

"ಆತೇನ್ರಿ ಅಕ್ಕೋರ?"

ಕೈಗೆ ಕೊಟ್ಟರೆ ಹರಿದು ಒಲೆಗೆ ಹಾಕುತ್ತಾರೆ. ಇಲ್ಲ. ಇವರನ್ನು ದಾಟಿ ಬಾವಿಯ ಹತ್ತಿರವೇ ಹೋಗುತ್ತೇನೆ. ಹನ್ನೊಂದು ಜನರೂ ಕೇಳುವಂತೆ, ತಾರಾಳ ಮುಖ ನೋಡಿ, ನಾನು ಬರೆದದ್ದನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದುತ್ತೇನೆ.