ಇನ್ನೂರ ಹದಿನಾಲ್ಕನೆಯ ಲಕೋಟೆಯಲ್ಲಿರುವ ಕಿವಿ

ಕಾರಾಗೃಹಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಉಗ್ರಾಣದ ಕಬ್ಬಿಣದ ಬೀರುವಿನಲ್ಲಿ, ಇನ್ನೂರ ಹದಿನಾಲ್ಕು ಎಂದು ಬರೆದ ಕಂದು ಲಕೋಟೆಯೊಳಗೆ, ನನ್ನ ಕಕ್ಷಿದಾರರ ಕಿವಿ ಇದೆ. ಅದನ್ನು ಅವರಿಗೆ ಕೊಡಿ ಎಂದು ಮೂರು ಅರ್ಜಿ ಹಾಕಿದೆ. ಮೂರಕ್ಕೂ ಒಂದೇ ಉತ್ತರ ಬಂತು, ತಾರೀಖು ಮಾತ್ರ ಬೇರೆ: ‘ವಿದ್ಯುನ್ಮಾನ ಉಪಕರಣಗಳಿಗೆ ಕಾರಾಗೃಹದೊಳಗೆ ಅವಕಾಶವಿಲ್ಲ. ಸದರಿ ವಸ್ತುವನ್ನು ಬಿಡುಗಡೆಯ ದಿನ ಹಿಂದಿರುಗಿಸಲಾಗುವುದು.’ ನಾಲ್ಕನೆಯದನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಬರುವ ತಿಂಗಳು ಹತ್ತೊಂಬತ್ತಕ್ಕೆ ಮೇಲ್ಮನವಿಯ ನ್ಯಾಯಾಲಯ ಅವರನ್ನು ಎದುರಿಗೆ ನಿಲ್ಲಿಸಿಕೊಂಡು, ‘ಹಿಂದೆ ನಿಮಗೆ ಹೇಳಿದ್ದೆಲ್ಲ ಕೇಳಿಸಿತ್ತೇ?’ ಎಂದು ವಿಚಾರಿಸಲಿದೆ. ಆ ಪ್ರಶ್ನೆಯಾದರೂ ಅವರಿಗೆ ಕೇಳಿಸಬೇಡವೇ?

ನಾನು ಯಾರು ಎಂದು ಹೇಳಿಬಿಡುತ್ತೇನೆ. ಕೋರ್ಟಿನ ಕಾಂಪೌಂಡಿಗೆ ಆನಿಸಿ ಮೇಜು ಹಾಕಿಕೊಂಡು ಊರವರ ಅರ್ಜಿ ಟೈಪು ಮಾಡಿಕೊಡುತ್ತಿದ್ದವನು ಸಂಜೆ ತರಗತಿಯಲ್ಲಿ ಕಾನೂನು ಓದಿ, ಅದೇ ಕಾಂಪೌಂಡಿನ ಒಳಗೆ ಹೋದೆ. ಇಪ್ಪತ್ತಾರು ವರ್ಷದಿಂದ ಆರೋಪಿಗಳ ಪರ ವಕೀಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು ತಪ್ಪದೆ ಕೇಳುತ್ತಾರೆ, “ಅಲ್ಲ ಸಾರ್, ಕಳ್ಳರ ಪರ ಹೇಗೆ ವಾದ ಮಾಡ್ತೀರಿ?” “ಕಳ್ಳ ಅಂತ ತೀರ್ಮಾನ ಆದ್ಮೇಲೆ ನನ್ನ ಹತ್ರ ಯಾರು ಬರ್ತಾರೆ? ಅದಕ್ಕೆ ಮುಂಚೆ ಬರ್ತಾರೆ,” ಎನ್ನುತ್ತೇನೆ. ನಗುತ್ತಾರೆ. ಮಾತು ನನ್ನ ಬಂಡವಾಳ. ಅದರ ಜೊತೆಗೆ ಒಂದು ಉದ್ದನೆಯ ನೋಟುಪುಸ್ತಕವೂ ಇದೆ: ಯಾರನ್ನು ಯಾವ ದಿನ ಕಂಡೆ, ಎಷ್ಟು ನಿಮಿಷ, ಏನು ಹೇಳಿದೆ, ಎಲ್ಲ ಅದರಲ್ಲಿರುತ್ತದೆ. ನನ್ನ ಕಣ್ಣಿನಿಂದ ಒಂದು ಸಾಲೂ ತಪ್ಪುವುದಿಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದೇನೆ. ಆ ಜಂಬದ ಕಥೆಯನ್ನೇ ಈಗ ಹೇಳಬೇಕಾಗಿದೆ.

ನನ್ನ ಕಕ್ಷಿದಾರರು ಐವತ್ತೆಂಟು ವರ್ಷದ ಕಾವಲುಗಾರ. ಫ್ಯಾನು, ಮೋಟರು ತುಂಬಿದ ಒಂದು ಗೋದಾಮಿನ ಮುಂದಿನ ಗೇಟಿನಲ್ಲಿ ಇಪ್ಪತ್ತು ವರ್ಷ ಕೂತವರು. ಒಂದು ರಜೆಯ ದಿನ, ನಡುಮಧ್ಯಾಹ್ನ, ಯಾರೋ ಹಿಂದಿನ ಶಟರನ್ನು ಯಂತ್ರದಿಂದ ಕೊಯ್ದು ಒಳಗಿನ ಸರಕನ್ನು ಹೊತ್ತೊಯ್ದರು. ಆ ಕರ್ಕಶ ಸದ್ದು ಮೂರು ಬೀದಿ ಆಚೆಯ ದರ್ಜಿಗೂ ಕೇಳಿಸಿದೆ. ಹತ್ತು ಮಾರು ದೂರದಲ್ಲಿದ್ದ ಇವರಿಗೆ ಕೇಳಿಸಲಿಲ್ಲವಂತೆ. ಅಂದಮೇಲೆ ಶಾಮೀಲು ಎಂದರು ಪೊಲೀಸರು. ಅದರ ಮೇಲೆ ಇನ್ನೊಂದು ಸಾಕ್ಷಿ: ಮುಂದಿನ ಗೇಟಿನ ಚಿಲಕದಿಂದ ಇವರ ಕುರ್ಚಿಯ ಕಾಲಿಗೆ ಒಂದು ದಾರ ಕಟ್ಟಿತ್ತು. ‘ಸಹಚರರಿಗೆ ಸಂಕೇತ ನೀಡುವ ಏರ್ಪಾಡು’ ಎಂದು ದೋಷಾರೋಪ ಪಟ್ಟಿಯಲ್ಲಿ ಬರೆದರು. ಆ ದಾರದ ಸಾಲನ್ನು ಓದಿದಾಗಲೇ ಅದರ ಕೆಳಗೆ ಎರಡು ಗೆರೆ ಎಳೆದೆ. ಕೋರ್ಟಿನಲ್ಲಿ ಆ ದಾರಕ್ಕೆ ಏನು ಅರ್ಥ ಹೇಳುವುದು?

ನಿಮ್ಮ ಭೇಟಿ ಕೋಣೆಗೆ ಹೋದೆ. ಮೊದಲ ದಿನವೇ ಅವರು ಹೇಳಿದರು: “ನಾನೇನೂ ಮಾಡಿಲ್ಲ ಸಾರ್. ನಂಗೆ ಏನೂ ಕೇಳಿಸ್ಲಿಲ್ಲ.” ಏನೂ ನೋಡಲಿಲ್ಲ, ಏನೂ ಕೇಳಿಸಲಿಲ್ಲ ಎನ್ನದ ಕಕ್ಷಿದಾರನನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಬರೆದುಕೊಂಡೆ, ಪುಟ ತಿರುಗಿಸಿದೆ. ಆಮೇಲೆ ಮಾತು ನನ್ನದೇ.

ಆ ಕೋಣೆಯನ್ನು ನೀವು ಯಾವತ್ತಾದರೂ ಈಚೆಯ ಬದಿಯಿಂದ ನೋಡಿದ್ದೀರಾ, ಮಾನ್ಯರೇ? ನಡುವೆ ದಪ್ಪ ಗಾಜು. ಮಾತು ಹಾಯಲು ಎದೆಯ ಎತ್ತರದಲ್ಲಿ ತೂತು ಕೊರೆದ ಒಂದು ತಗಡು. ಮಾತಾಡಬೇಕಾದರೆ ಬಗ್ಗಿ ಬಾಯಿಯನ್ನು ಅದಕ್ಕೆ ತಾಗಿಸಬೇಕು. ಆಗ ಆಚೆ ನಿಂತವರಿಗೆ ಕಾಣುವುದು ನಮ್ಮ ನೆತ್ತಿ. ಬಗ್ಗದೆ ಇದ್ದಾಗಲೂ ನಾನು ಫೈಲಿನ ಮೇಲೆ ತಲೆಯಿಟ್ಟು, ಬರೆಯುತ್ತಾ ಮಾತಾಡುವವನು. ಹತ್ತು ತಿಂಗಳಲ್ಲಿ ಹನ್ನೊಂದು ಭೇಟಿ, ಒಟ್ಟು ಒಂದು ಗಂಟೆ ಐವತ್ತೆರಡು ನಿಮಿಷ. ಅಷ್ಟೂ ಹೊತ್ತು ಅವರು ನೋಡಿದ್ದು ನನ್ನ ಬೋಳುತಲೆಯನ್ನು. ನಾನು ತಲೆ ಎತ್ತಿದಾಗಲೆಲ್ಲ ಅವರು “ಹೂಂ ಸಾರ್” ಎಂದು ತಲೆಯಾಡಿಸಿದರು. ನಮ್ಮ ವೃತ್ತಿಯಲ್ಲಿ ಅಂಥವರು ಅಪರೂಪ. ಬೇರೆಯವರು ಜಗಳ ಆಡುತ್ತಾರೆ, ಪಕ್ಕದ ಕೋಣೆಯವನ ವಕೀಲ ಏನೆಂದ ಎಂದು ವರದಿ ಒಪ್ಪಿಸುತ್ತಾರೆ. ನನ್ನ ಹಳೆಯ ಗುಮಾಸ್ತೆ, ನನಗಿಂತ ಹಿರಿಯ ಹೆಂಗಸು, “ಇವ್ರು ಬಂಗಾರ ಬಿಡಿ. ಒಂದು ಪ್ರಶ್ನೆ ಇಲ್ಲ, ಒಂದು ತಕರಾರಿಲ್ಲ,” ಎನ್ನುತ್ತಿದ್ದರು. ಬಂಗಾರ ಎಂದೇ ಕರೆದೆವು.

ಹತ್ತನೆಯ ಭೇಟಿಯಲ್ಲಿ ನಾನು ಒಂದು ಲೆಕ್ಕ ಹಾಕಿದೆ. ವಿಚಾರಣೆ ನಡೆದರೆ ಆ ದಾರ ಇವರನ್ನು ಏಳು ವರ್ಷ ಕಟ್ಟಿಹಾಕುತ್ತದೆ. ಸಣ್ಣ ಅಪರಾಧಕ್ಕೆ ತಪ್ಪೊಪ್ಪಿಕೊಂಡರೆ, ಈಗಾಗಲೇ ಒಳಗಿದ್ದ ಹತ್ತು ತಿಂಗಳೇ ಶಿಕ್ಷೆಯೆಂದು ಲೆಕ್ಕವಾಗಿ ಮನೆಗೆ ಹೋಗಬಹುದು. ತಗಡಿಗೆ ಬಾಯಿಟ್ಟು ಎಲ್ಲ ವಿವರಿಸಿದೆ. “ಯಜಮಾನ್ರೇ, ಚೆನ್ನಾಗಿ ಯೋಚನೆ ಮಾಡಿ. ಮಾಡ್ದೇ ಇರೋದನ್ನ ಮಾಡ್ದೆ ಅಂತ ಒಪ್ಕೋಬೇಕಾಗುತ್ತೆ. ಆಗುತ್ತಾ?” ತಲೆ ಎತ್ತಿದೆ. “ಹೂಂ ಸಾರ್.” ಮುಂದಿನ ವಾರ ಕಟಕಟೆಯಲ್ಲಿ ನ್ಯಾಯಾಧೀಶರು, ಅರ್ಥವಾಗಿದೆಯೇ, ಯಾರ ಒತ್ತಾಯವೂ ಇಲ್ಲವೇ ಎಂದು ಕೇಳಿದರು. ಅವರು ನನ್ನ ಮುಖ ನೋಡಿ ತಲೆಯಾಡಿಸಿದರು. ಮೂರು ವರ್ಷ ಎಂದು ತೀರ್ಪು ಬಂತು. ನನ್ನ ಲೆಕ್ಕ ತಪ್ಪಿತ್ತು. ಅದಕ್ಕೂ ಅವರು ತಲೆಯಾಡಿಸಿದರು.

ಶಿಕ್ಷೆ ಹೆಚ್ಚಿಸಲು ಒಂದು ಕಾರಣ ನಿಮ್ಮ ಕಚೇರಿಯಿಂದಲೇ ಹೋಗಿತ್ತು: ‘ಹಾಜರಿಯ ವೇಳೆ ಹೆಸರು ಕೂಗಿದರೂ ಉತ್ತರಿಸುವುದಿಲ್ಲ. ಉದ್ಧಟತನ. ಮೂರು ಬಾರಿ ಎಚ್ಚರಿಕೆ, ಒಂದು ತಿಂಗಳು ಭೇಟಿ ರದ್ದು.’

ತೀರ್ಪಿನ ಮರುದಿನ ಅವರ ಮಗಳು, ಶಾಲೆಯ ಸಮವಸ್ತ್ರ ಹೊಲಿಯುವವಳು, ಸೈಕಲ್ ಅಂಗಡಿಯ ಮೇಲಿರುವ ನನ್ನ ಕೋಣೆಗೆ ಬಂದಳು. ಸಮಾಧಾನ ಹೇಳಲು ಶುರು ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, ಒಪ್ಪಿಕೊಂಡೇ ಮಾಡಿದ್ದಮ್ಮ ಎಂದೆ. ಅವಳು ನನ್ನನ್ನೇ ನೋಡಿದಳು.

“ಕೇಳಿಸ್ಕೊಂಡ್ರಾ? ಅಪ್ಪಂಗೆ ಎರಡೂ ಕಿವಿ ಕೇಳ್ಸಲ್ಲ ಸಾರ್. ಏಳು ವರ್ಷ ಆಯ್ತು.”

“ಏನು ಹೇಳ್ತಿದೀಯಮ್ಮ? ಮೊದ್ಲೇ ಹೇಳ್ಬಾರ್ದಾಗಿತ್ತಾ?”

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಜೈಲಿನವರೇ ಕಿವೀದು ಮಿಷನ್ ಇಟ್ಕೊಂಡಿದಾರಲ್ಲ, ಪಟ್ಟೀಲಿ ಬರ್ದಿದಾರಲ್ಲ. ನಿಮ್ ಹತ್ರಾನೇ ಇದೆ.”

ನನ್ನ ಹತ್ತಿರವೇ ಇತ್ತು. ಮೊದಲ ದಿನದಿಂದ ಫೈಲಿನ ಎರಡನೆಯ ಹಾಳೆಯಾಗಿ. ನಿಮ್ಮ ಗೇಟಿನಲ್ಲಿ ಕಳಚಿಸಿಕೊಂಡ ವಸ್ತುಗಳ ಪಟ್ಟಿ. ಬೆಲ್ಟು ಒಂದು, ಬಾಚಣಿಗೆ ಒಂದು, ಕೈಗಡಿಯಾರ ಒಂದು, ಕಿವಿಗೆ ಹಾಕುವ ಯಂತ್ರ ಒಂದು. ಇಪ್ಪತ್ತಾರು ವರ್ಷದಲ್ಲಿ ಅಂಥ ಸಾವಿರ ಪಟ್ಟಿ ನೋಡಿದ್ದೇನೆ. ಎಲ್ಲದರಲ್ಲೂ ಬೆಲ್ಟು, ಬಾಚಣಿಗೆ. ಅದನ್ನು ಯಾವ ವಕೀಲನೂ ಓದುವುದಿಲ್ಲ. ನಾನೂ ಓದಲಿಲ್ಲ.

ಮಿಕ್ಕದ್ದನ್ನು ಅವಳೇ ಹೇಳಿದಳು. ಕಿವಿ ಕೇಳಿಸದ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಅಪ್ಪ ಯಾರಿಗೂ ಹೇಳಲಿಲ್ಲ. ಮಾಲೀಕ ಬರುವ ದಿನ ಟೋಪಿಯ ಕೆಳಗೆ ಯಂತ್ರ ಹಾಕಿಕೊಳ್ಳುತ್ತಿದ್ದರು. ಯಾರೂ ಬರದ ದಿನ ಬ್ಯಾಟರಿ ಉಳಿಯಲಿ ಎಂದು ತೆಗೆದು ಜೇಬಿನಲ್ಲಿಡುತ್ತಿದ್ದರು. ಆವತ್ತು ರಜೆ. ಮತ್ತೆ ಆ ದಾರ? ಗೇಟು ಅಲುಗಿದರೆ ಕುರ್ಚಿ ಅಲುಗಲಿ, ತನಗೆ ಗೊತ್ತಾಗಲಿ ಎಂದು ತಾವೇ ಕಟ್ಟಿಕೊಂಡದ್ದು. ಕೇಳಿಸದ ಮನುಷ್ಯನೊಬ್ಬ ಕಾವಲನ್ನು ಪ್ರಾಮಾಣಿಕವಾಗಿ ಕಾಯಲು ಕಂಡುಕೊಂಡ ಉಪಾಯ. ಪೊಲೀಸರು ಅದನ್ನು ಸಂಕೇತ ಎಂದರು. ನಾನು ಅದಕ್ಕೆ ಹೆದರಿ ಅವರನ್ನು ಕಟಕಟೆಗೆ ಹತ್ತಿಸಿದೆ.

ಮಗಳು ಭೇಟಿಗೆ ಹೋದಾಗ ತಗಡಿನ ಕಡೆಗೆ ಬಗ್ಗುವುದಿಲ್ಲ. ನೆಟ್ಟಗೆ ನಿಂತು, ಸದ್ದಿಲ್ಲದೆ, ಬಾಯಿ ಮಾತ್ರ ನಿಧಾನವಾಗಿ ಆಡಿಸುತ್ತಾಳೆ. ಅವರು ಅವಳ ತುಟಿ ನೋಡಿ ಉತ್ತರ ಕೊಡುತ್ತಾರೆ. ನಿಮ್ಮ ಸಿಬ್ಬಂದಿ ಪ್ರತಿ ವಾರ ಇದನ್ನು ನೋಡಿದ್ದಾರೆ. ಯಾರಿಗೂ ಏನೂ ಅನ್ನಿಸಲಿಲ್ಲವೇ?

ಹನ್ನೆರಡನೆಯ ಸಲ ಹೋದಾಗ ನಾನೂ ನೆಟ್ಟಗೆ ನಿಂತೆ. ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಗಾಜಿಗೆ ಒತ್ತಿ ಹಿಡಿದೆ: ‘ಕೇಳಿಸಲ್ಲ ಅಂತ ಯಾಕೆ ಹೇಳಲಿಲ್ಲ?’ ಅವರು ಅಕ್ಷರ ಕೂಡಿಸಿಕೊಂಡು ಓದಿದರು. ನಾಚಿಕೊಂಡರು, ಮಾನ್ಯರೇ. ನಾನು ನಾಚಬೇಕಾದಲ್ಲಿ ಅವರು ನಾಚಿಕೊಂಡರು. “ಊರಿಗೆಲ್ಲಾ ಗೊತ್ತಾದ್ರೆ ಮುಂದೆ ಕೆಲ್ಸ ಸಿಗಲ್ಲ ಸಾರ್. ನೀವು ಪಟ್ಟಿ ಓದಿರ್ತೀರಿ, ಗೊತ್ತಿದ್ದೂ ಮರ್ಯಾದೆಗೆ ಸುಮ್ನಿದೀರಿ ಅಂದ್ಕೊಂಡೆ.” ಆಮೇಲೆ ಹೇಳಿದರು: “ಅಷ್ಟೊತ್ತು ಮಾತಾಡ್ತಿದ್ರಿ. ನನ್ ಒಳ್ಳೇದಕ್ಕೇ ಇರುತ್ತೆ ಅಂತ ಹೂಂ ಅಂದೆ.”

ಮೇಲ್ಮನವಿ ಹಾಕಿದೆ. ನನ್ನದೇ ತಪ್ಪು ಎಂದು ಪ್ರಮಾಣಪತ್ರದಲ್ಲಿ ಬರೆದುಕೊಟ್ಟೆ. ನ್ಯಾಯಾಲಯ ನಿಮ್ಮ ವೈದ್ಯರ ವರದಿ ತರಿಸಿತು. ಅವರ ಒಕ್ಕಣೆ: ‘ಪ್ರಶ್ನೆಗಳಿಗೆ ಕೈದಿ ತಲೆಯಾಡಿಸಿ ಸ್ಪಂದಿಸಿದ್ದಾನೆ. ಶ್ರವಣಶಕ್ತಿ ಸಹಜ.’ ಹೆಸರು ಕೂಗಿದರೆ ಓಗೊಡದ ಉದ್ಧಟ ಎಂದೂ ನೀವೇ ಬರೆದಿರಿ, ಚೆನ್ನಾಗಿ ಕೇಳಿಸುತ್ತದೆ ಎಂದೂ ನೀವೇ ಬರೆದಿರಿ. ನಡುವೆ ಆ ಯಂತ್ರವನ್ನು ಕಿತ್ತಿಟ್ಟುಕೊಂಡ ಪಟ್ಟಿಗೂ ನಿಮ್ಮದೇ ಮೊಹರು. ಈ ಮೂರು ಹಾಳೆಗಳನ್ನು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಟ್ಟಿಗೆ ಇಟ್ಟು ನೋಡಿದ್ದಾರೆಯೇ? ಕಡೆಗೆ ನ್ಯಾಯಾಲಯ, ಕೈದಿಯನ್ನು ನಾವೇ ನೋಡುತ್ತೇವೆ, ಯಂತ್ರದ ವಿಷಯ ಕಾರಾಗೃಹದ ನಿಯಮಕ್ಕೆ ಬಿಟ್ಟದ್ದು ಎಂದಿತು. ಹೀಗೆ ಚೆಂಡು ಮತ್ತೆ ನಿಮ್ಮ ಮೇಜಿಗೆ ಬಂದಿದೆ.

ಕನ್ನಡಕ ಒಳಗೆ ಬಿಡುತ್ತೀರಿ. ಕಟ್ಟಿಸಿದ ಹಲ್ಲು ಬಿಡುತ್ತೀರಿ. ಕಂಕುಳ ಕೋಲು ಹಿಡಿದು ಓಡಾಡುವ ಒಬ್ಬರನ್ನು ನಿಮ್ಮ ಅಂಗಳದಲ್ಲೇ ಕಂಡಿದ್ದೇನೆ. ಅವಕ್ಕೆ ಬ್ಯಾಟರಿ ಇಲ್ಲ, ಸರಿ. ಹುಣಿಸೆ ಬೀಜದಷ್ಟು ಬ್ಯಾಟರಿಯಿಂದ ಈ ಮನುಷ್ಯ ಯಾವ ಗೋಡೆ ಒಡೆದಾನು? ಮಗಳು ಹೊಸ ಬ್ಯಾಟರಿಗಳನ್ನು ಸೂಜಿಯ ಡಬ್ಬಿಯಲ್ಲಿಟ್ಟುಕೊಂಡು ಪ್ರತಿ ವಾರ ನಿಮ್ಮ ಗೇಟಿಗೆ ಬರುತ್ತಾಳೆ. ಪ್ರತಿ ವಾರ ಅದನ್ನು ವಾಪಸು ಒಯ್ಯುತ್ತಾಳೆ.

ನಾನು ಕೇಳುವುದು ಇಷ್ಟು. ಹತ್ತೊಂಬತ್ತಕ್ಕೆ ಮುಂಚೆ ಆ ಲಕೋಟೆ ಒಡೆಸಿ. ಅವಳ ಡಬ್ಬಿಯಿಂದ ಒಂದು ಬ್ಯಾಟರಿ ಈಸಿಕೊಳ್ಳಿ. ಉದ್ಧಟತನ ಎಂದು ಬರೆದ ಸಾಲನ್ನು ಬರೆದ ಕೈಯಿಂದಲೇ ಹೊಡೆದುಹಾಕಿಸಿ. ನನ್ನ ತಪ್ಪಿಗೆ ವಕೀಲರ ಪರಿಷತ್ತು ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ, ಅದು ನಿಮಗೆ ಸಂಬಂಧಿಸಿದ್ದಲ್ಲ.

ಹತ್ತೊಂಬತ್ತಕ್ಕೆ ಮುಂಚೆ ಎಂದದ್ದು ಏಕೆಂದರೆ, ಯಂತ್ರವಿಲ್ಲದೆ ಅವರನ್ನು ಕರೆತಂದರೆ ಏನಾಗುತ್ತದೆಂದು ನನಗೆ ಗೊತ್ತು. ಏನು ಹೇಳಬೇಕು ಎಂದು ಗಾಜಿನ ಮೇಲೆ ಎಷ್ಟೋ ಹಾಳೆ ಒತ್ತಿ ತೋರಿಸಿದ್ದೇನೆ. ಆದರೆ ದೊಡ್ಡವರ ಬಾಯಿ ಅಲುಗಿದೊಡನೆ ಅವರ ತಲೆ ತಾನಾಗಿ ಅಲುಗುತ್ತದೆ. ಏಳು ವರ್ಷ ಕೆಲಸ ಉಳಿಸಿಕೊಂಡದ್ದು ಆ ಅಭ್ಯಾಸದಿಂದಲೇ. ಎತ್ತರದ ಪೀಠದಿಂದ ನ್ಯಾಯಾಧೀಶರು ಕೇಳುತ್ತಾರೆ: ‘ಆವತ್ತು ಹೇಳಿದ್ದೆಲ್ಲ ನಿಮಗೆ ಕೇಳಿಸಿತ್ತೇ?’

ಅವರು ನನ್ನ ಕಡೆ ನೋಡಿ, ಹೂಂ ಎನ್ನುತ್ತಾರೆ.

ಇಂತಿ,
ಹನ್ನೊಂದು ಭೇಟಿಯಲ್ಲಿ ತಾನೊಬ್ಬನೇ ಮಾತಾಡಿದ,
ಎರಡನೆಯ ಹಾಳೆಯನ್ನು ತಡವಾಗಿ ಓದಿದ ವಕೀಲ